ಹೆಸರು ಕೇಳದ ಎಣಿಕೆ

ಗ್ರಂಥಾಲಯದ ಬಾಗಿಲ ಬಳಿ ಒಂದು ದಪ್ಪ ಪುಸ್ತಕವಿರುತ್ತದೆ. ಬಂದವರು ತಮ್ಮ ಹೆಸರು, ಊರು, ಬಂದ ವೇಳೆಗಳನ್ನು ಅದರಲ್ಲಿ ಬರೆದು ಒಳಗೆ ಹೋಗುತ್ತಾರೆ. ದಿನಕ್ಕೆ ಎಷ್ಟು ಮಂದಿ ಬಂದರೆಂಬುದು ಗ್ರಂಥಪಾಲಕರಿಗೆ ಇದರಿಂದ ತಿಳಿಯುತ್ತದೆ. ಬಾಗಿಲಲ್ಲಿ ನಿಂತು ಬರಿದೆ ತಲೆ ಎಣಿಸಿದರೂ ಅಷ್ಟು ತಿಳಿದೀತು. ಬಂದವರು ಯಾರೆಂಬುದು ಮಾತ್ರ ತಿಳಿಯದು. ಜಾಲತಾಣ ನಡೆಸುವವರ ಮುಂದೆಯೂ ಈ ಎರಡು ದಾರಿಗಳಿವೆ.

1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಎಂಬ ತಂತ್ರಜ್ಞರು 'ಕುಕಿ' ಎಂಬ ಉಪಾಯವನ್ನು ರೂಪಿಸಿದರು. ಜಾಲತಾಣವು ಓದುಗನ ಗಣಕಯಂತ್ರದಲ್ಲಿ ಚಿಕ್ಕದೊಂದು ಗುರುತುಚೀಟಿಯನ್ನಿರಿಸಿ, ಆತನು ಮರಳಿ ಬಂದಾಗ ಅದರಿಂದ ಗುರುತಿಸುವ ಕ್ರಮವಿದು. ಇದರಲ್ಲಿ ಸ್ವತಃ ಕೆಡುಕೇನೂ ಇಲ್ಲ. ಆದರೆ ಒಂದೇ ಜಾಹೀರಾತು ಸಂಸ್ಥೆಯ ಚೀಟಿಯು ಅನೇಕ ತಾಣಗಳಲ್ಲಿ ಕೆಲಸ ಮಾಡತೊಡಗಿದಾಗ ಸಂಗತಿಯೇ ಬೇರೆಯಾಯಿತು. ಮನೆಯವರಿಗೂ ಹೇಳದ ತನ್ನ ಕಾಯಿಲೆಯ ವಿಷಯವನ್ನು ಒಬ್ಬಾಕೆ ರಾತ್ರಿ ಒಂಟಿಯಾಗಿ ಕುಳಿತು ಓದುತ್ತಾಳೆನ್ನಿ. ಮರುದಿನ ಅಡುಗೆಯ ತಾಣವೊಂದನ್ನು ತೆರೆದರೆ ಅದೇ ಕಾಯಿಲೆಯ ಔಷಧದ ಜಾಹೀರಾತು ಎದುರಿಗೆ ಬರಬಹುದು. ಅವಳು ಯಾರಿಗೂ ಹೇಳಿರಲಿಲ್ಲ. ಆದರೂ ಯಾರಿಗೋ ತಿಳಿದಿದೆ.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ಸಂಗತಿ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣೆಯ ನಿಯಮವು 2018ರ ಮೇ 25ರಂದು ಜಾರಿಗೆ ಬಂದಿತು. ಗುರುತು ಹಿಡಿಯದೆ ಎಣಿಸುವ ಸಾಧನಗಳೂ ಬಳಕೆಗೆ ಬಂದವು. ಎಸ್ಟೋನಿಯ ದೇಶದ 'ಪ್ಲಾಸಿಬಲ್' ಅವುಗಳಲ್ಲೊಂದು.

ಅದರ ಕ್ರಮ ಕುತೂಹಲಕರವಾದುದು. ಓದುಗನ ಐಪಿ ವಿಳಾಸ, ಬ್ರೌಸರಿನ ವಿವರ, ತಾಣದ ಹೆಸರು, ಇವುಗಳೊಡನೆ ಗುಟ್ಟಿನ ಸಂಖ್ಯೆಯೊಂದನ್ನು ಬೆರೆಸಿ, ಗಣಿತಕ್ರಿಯೆಯಿಂದ ಅರೆದು, ಅರ್ಥವಿಲ್ಲದೊಂದು ಅಕ್ಷರಸಾಲನ್ನು ಪಡೆಯುತ್ತಾರೆ. ಆ ಗುಟ್ಟಿನ ಸಂಖ್ಯೆಗೆ ತಂತ್ರಜ್ಞರಿಟ್ಟ ಹೆಸರು 'ಉಪ್ಪು'! ದಿನಕ್ಕೊಮ್ಮೆ ಹಳೆಯ ಉಪ್ಪನ್ನು ಅಳಿಸಿ ಹೊಸದನ್ನು ಬಳಸುತ್ತಾರೆ. ರಾಗಿಹಿಟ್ಟಿನಿಂದ ಮತ್ತೆ ಕಾಳನ್ನು ಪಡೆಯಲಾಗದಂತೆ, ಆ ಅಕ್ಷರಸಾಲಿನಿಂದ ಓದುಗನ ಬಳಿಗೆ ಹಿಂದಿರುಗಲಾಗದು.

ಹೀಗೆ ದೊರೆತ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ನಿಮ್ಮ ಶಾಲೆಗೊಂದು ಜಾಲತಾಣವಿದೆಯೆಂದು ಭಾವಿಸಿ. ವಿದ್ಯಾರ್ಥಿಯೊಬ್ಬನು ಬೆಳಿಗ್ಗೆ ಮೂರು ಪುಟಗಳನ್ನೂ ಸಂಜೆ ಎರಡು ಪುಟಗಳನ್ನೂ ನೋಡಿದನು. ಆಗ ಸಂದರ್ಶಕರು 1, ಭೇಟಿಗಳು 2, ಪುಟವೀಕ್ಷಣೆಗಳು 5. ಮೂವತ್ತು ನಿಮಿಷ ಸುಮ್ಮನಿದ್ದು ಮತ್ತೆ ನೋಡಿದರೆ ಹೊಸ ಭೇಟಿಯೆಂದು ಎಣಿಸುವುದು ರೂಢಿ. ಅದೇ ಹುಡುಗ ಮರುದಿನ ಬಂದರೆ ಉಪ್ಪು ಬದಲಾಗಿರುತ್ತದೆ, ಅವನು ಹೊಸಬ! ಮೂವತ್ತು ದಿನವೂ ತಪ್ಪದೆ ಬಂದವನು ತಿಂಗಳ ಲೆಕ್ಕದಲ್ಲಿ ಮೂವತ್ತು ಸಂದರ್ಶಕರಾಗಿ ಕಾಣುತ್ತಾನೆ. ಇದಕ್ಕೆ ತದ್ವಿರುದ್ಧವಾಗಿ, ಶಾಲೆಯ ಗಣಕ ಕೊಠಡಿಯಿಂದ ನಲವತ್ತು ಮಂದಿ ಒಂದೇ ಐಪಿ ವಿಳಾಸದಲ್ಲಿ, ಒಂದೇ ಬಗೆಯ ಬ್ರೌಸರಿನಲ್ಲಿ ನೋಡಿದರೆ ಅವರೆಲ್ಲರೂ ಸೇರಿ ಒಬ್ಬನೇ ಆಗಬಹುದು. 'ಸಂದರ್ಶಕರು 300' ಎಂದರೆ 300 ಮನುಷ್ಯರೆಂದು ಓದಲಾಗದು.

ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾಗುವುದು 'ಬೌನ್ಸ್ ದರ'ವೆನ್ನಬಹುದು. ಒಂದೇ ಪುಟ ನೋಡಿ ಹೊರಟ ಭೇಟಿಗಳ ಶೇಕಡಾ ಪ್ರಮಾಣವಿದು. 200 ಭೇಟಿಗಳಲ್ಲಿ 120 ಹೀಗಿದ್ದರೆ ಬೌನ್ಸ್ ದರ ಶೇಕಡಾ 60. ಇದನ್ನು ಕಂಡು ಗಾಬರಿಪಡುವವರುಂಟು. ಆದರೆ ಪರೀಕ್ಷೆಯ ವೇಳಾಪಟ್ಟಿಯನ್ನು ನೋಡಲೆಂದೇ ಬಂದವನಿಗೆ ಎರಡನೆಯ ಪುಟವೇಕೆ? ಬೇಕಾದುದು ದೊರೆತು ಹೋದವನೂ ಬೇಸತ್ತು ಹೋದವನೂ ಈ ಅಂಕಿಯಲ್ಲಿ ಒಂದೇ. ಭೇಟಿಯ ಅವಧಿಯನ್ನು ಮೊದಲ ಪುಟ ತೆರೆದುದರಿಂದ ಕೊನೆಯ ಪುಟ ತೆರೆದವರೆಗೆ ಮಾತ್ರ ಅಳೆಯುವ ಸರಳ ಕ್ರಮದಲ್ಲಂತೂ, ಒಂದೇ ಪುಟದ ಕಥೆಯನ್ನು ಹತ್ತು ನಿಮಿಷ ಮನಸ್ಸಿಟ್ಟು ಓದಿದವನ ಕಾಲವು ಸೊನ್ನೆಯೆಂದು ದಾಖಲಾಗುತ್ತದೆ.

ಯಾವ ಪುಟವನ್ನು ಹೆಚ್ಚು ಮಂದಿ ತೆರೆದರು, ಯಾವ ತಾಣದ ಕೊಂಡಿ ಹಿಡಿದು ಬಂದರು ಎಂಬುದನ್ನು ಮಾತ್ರ ಹೆಸರು ಕೇಳದ ಎಣಿಕೆಯೂ ಚೆನ್ನಾಗಿಯೇ ತಿಳಿಸುತ್ತದೆ. ಹೋದ ತಿಂಗಳ ಓದುಗರು ಈ ತಿಂಗಳೂ ಮರಳಿದರೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ವ್ಯಾಪಾರಿಗೆ ಇದು ದೊಡ್ಡ ಕೊರತೆಯೇ ಸರಿ. ಯಾವ ಪಾಠದ ಪುಟವನ್ನು ಮಕ್ಕಳು ಹೆಚ್ಚು ತೆರೆದರೆಂದು ತಿಳಿಯಬಯಸುವ ಶಾಲೆಗೆ ಆ ಉತ್ತರದ ಅಗತ್ಯವೇ ಬೀಳದು.