ಬಿಲ್ ಆದ ಮೇಲೆ ನಿಂತ ಗಾಡಿ

ಕೀ ತಿರುಗಿಸಿದಾಗ ಬಂದದ್ದು ಒಂದೇ ಶಬ್ದ, ಟಕ್. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಎದುರಿನ ದೀಪಗಳು ಮಂಕಾಗಿ ಉರಿದು ಆರಿಹೋದವು. ಬಿ.ಸಿ. ರೋಡಿನ ಒಂದು ಬಟ್ಟೆ ಅಂಗಡಿಯ ಅಂಗಳ, ರಾತ್ರಿ ಏಳೂಮುಕ್ಕಾಲು, ಆಟಿ ತಿಂಗಳ ಮಳೆ. ಹಿಂದಿನ ಸೀಟಿನಲ್ಲಿ ಅತ್ತೆ. ಅವರ ಮಡಿಲಲ್ಲಿ ನನ್ನ ತಂಗಿಯ ಮಗಳ ಮದುವೆಗೆ ತೆಗೆದ ಸೀರೆಗಳು. ಬಿಲ್ 38,460 ರೂಪಾಯಿ ಆಗಿತ್ತು.

ಅದೇ ಅಂಗಡಿಯಲ್ಲಿ ಮೂರು ಗಂಟೆ ಕುಳಿತಿದ್ದೆವು. "ಬನ್ನಿ ಅಕ್ಕ, ಕುಳ್ಳಿರಿ" ಎಂದು ಕರೆದು, ಅತ್ತೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಅವರಿಗೆ ಬೇರೆಯೇ ಚಾ ಮಾಡಿಸಿ ತಂದುಕೊಟ್ಟವರು ಅವರು. ಈಗ ವಾಚ್‌ಮನ್ ಬಂದು ಗಾಜಿಗೆ ತಟ್ಟಿದ. "ಗೇಟ್ ಹಾಕ್ಲಿಕ್ಕುಂಟು, ಗಾಡಿ ಒಮ್ಮೆ ತೆಗೀಬೇಕು." ಸ್ಟಾರ್ಟ್ ಆಗುತ್ತಿಲ್ಲ ಎಂದೆ. ಒಳಗಿಂದ ಮ್ಯಾನೇಜರ್ ಬಂದರು. ಮಳೆಗೆ ಒದ್ದೆಯಾಗದಂತೆ ಬಾಗಿಲಲ್ಲೇ ನಿಂತು, ಗೋಡೆಯ ಮೇಲಿನ ಬೋರ್ಡು ತೋರಿಸಿದರು. ವಾಹನಗಳಿಗೆ ಅಂಗಡಿಯವರು ಜವಾಬ್ದಾರರಲ್ಲ. ಅತ್ತೆಯನ್ನಾದರೂ ಸ್ವಲ್ಪ ಹೊತ್ತು ಒಳಗೆ ಕುಳ್ಳಿರಿಸಬಹುದಾ ಎಂದು ಕೇಳಿದೆ. "ಕ್ಲೋಸ್ ಆಯ್ತು ಮೇಡಂ." ಮೂರು ಗಂಟೆ ಅಕ್ಕನಾಗಿದ್ದವಳು ಮೂರು ನಿಮಿಷದಲ್ಲಿ ಮೇಡಂ ಆಗಿದ್ದೆ.

ಆ ಬೋರ್ಡಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಒಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಯನ್ನು ಪಾರ್ಕಿಂಗ್ ಸಿಬ್ಬಂದಿಯ ಕೈಗೆ ಕೊಟ್ಟು ಒಳಗೆ ಹೋಗಿದ್ದರು. ಹಿಂದೆ ಬರುವಷ್ಟರಲ್ಲಿ ಕಾರು ಕಳವಾಗಿತ್ತು. ಪಾರ್ಕಿಂಗ್ ಚೀಟಿಯಲ್ಲಿ 'ಮಾಲೀಕರದೇ ಹೊಣೆ' ಎಂದು ಅಚ್ಚು ಹಾಕಿದ್ದರಿಂದ ತಾವು ಪಾರು ಎಂದು ಹೋಟೆಲ್ ವಾದಿಸಿತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೀ ತೆಗೆದುಕೊಂಡವರು ತಮ್ಮ ನಿರ್ಲಕ್ಷ್ಯಕ್ಕೆ ಚೀಟಿಯ ಮರೆ ಹಿಡಿಯುವಂತಿಲ್ಲ ಎಂದಿತು. ನನ್ನ ಸಂಗತಿ ಅದಲ್ಲ. ಕೀ ನನ್ನ ಕೈಯಲ್ಲೇ ಇತ್ತು, ಕೆಟ್ಟದ್ದು ನನ್ನ ಗಾಡಿ. ಕಾನೂನಿನ ಕಣ್ಣಿಗೆ ಆ ಅಂಗಡಿಯವರು ನನಗೆ ಏನೂ ಕೊಡಬೇಕಾಗಿರಲಿಲ್ಲ. ಒಂದು ಕುರ್ಚಿ ಕೊಡಬಹುದಿತ್ತು, ಅಷ್ಟೆ. ಮದುವೆಯ ಉಳಿದ ಬಟ್ಟೆಯನ್ನು ನಾವು ಬೆಳ್ತಂಗಡಿಯಲ್ಲಿ ತೆಗೆದೆವು.

ಅಂಗಳದಲ್ಲಿ ನಿಂತಾಗ ನನಗೆ ಹೆದರಿಕೆ ಇರಲಿಲ್ಲ, ಯಾಕೆಂದರೆ ಇಂಥ ಹೊತ್ತಿಗೆಂದೇ ನಾನು ಹಣ ಕಟ್ಟಿದ್ದೆ. ಕಾರಿನ ಇನ್ಶೂರೆನ್ಸ್ ಜೊತೆಗೆ 'ರೋಡ್‌ಸೈಡ್ ಅಸಿಸ್ಟೆನ್ಸ್' ಎಂಬ ಹೆಚ್ಚುವರಿ ರಕ್ಷಣೆ ಇತ್ತು. 299 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 353. ಆ ಕಂಪನಿಯ ನಂಬರಿಗೆ ಎಂಟು ಗಂಟೆಗೆ ಫೋನ್ ಮಾಡಿದೆ. ಹನ್ನೊಂದು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕಿದ. ಎಲ್ಲಿದ್ದೀರಿ ಅಂದ. ಬಿ.ಸಿ. ರೋಡ್ ಅಂದೆ. ಬೆಂಗಳೂರಿನಲ್ಲಿ ಯಾವ ಏರಿಯಾ ಅಂದ. ಬಂಟ್ವಾಳ ಕ್ರಾಸ್ ರೋಡ್ ಎಂಬುದು ಒಂದು ಪೇಟೆಯ ಹೆಸರು, ರಸ್ತೆಯ ಹೆಸರಲ್ಲ, ಮಂಗಳೂರಿನಿಂದ ಈಚೆಗೆ ಎಂದು ವಿವರಿಸುವುದರಲ್ಲಿ ಇನ್ನೊಂದಷ್ಟು ಹೊತ್ತು ಹೋಯಿತು. ಕೊನೆಗೆ ಪಿನ್ ಕೋಡ್ ತೆಗೆದುಕೊಂಡು, ಮೂರು ಗಂಟೆಯೊಳಗೆ ಜನ ಬರುತ್ತಾರೆ ಅಂದ.

ಆ ಫೋನಿನಲ್ಲಿ ನಾನು ಆಡಿದ ಮಾತು ಈಗಲೂ ನೆನಪಿದೆ. "ದಯವಿಟ್ಟು ಸ್ವಲ್ಪ ಬೇಗ ಕಳಿಸಿ, ಮಳೆ ಬರುತ್ತಾ ಉಂಟು, ವಯಸ್ಸಾದವರು ಇದ್ದಾರೆ, ಉಪಕಾರ ಆಗುತ್ತದೆ." ದುಡ್ಡು ಕೊಟ್ಟು ಕೊಂಡ ವಸ್ತುವನ್ನು ನಾನು ಉಪಕಾರ ಎಂದು ಬೇಡುತ್ತಿದ್ದೆ. ನಮ್ಮ ಕಡೆ ಇದು ಎಲ್ಲರ ಅಭ್ಯಾಸ. ತೂಕದಲ್ಲಿ ನೂರು ಗ್ರಾಂ ಕಡಿಮೆ ಬಂದರೆ ಕೇಳಲು ಸಂಕೋಚಪಡದ ನಾವು, ಕಂಪನಿಯ ಫೋನ್ ಎತ್ತಿದ ಕೂಡಲೇ ಸಣ್ಣವರಾಗಿಬಿಡುತ್ತೇವೆ.

ಆಮೇಲೆ ನೆನಪಾಯಿತು, ಸರ್ವಿಸ್ ಸೆಂಟರಿನವರ ಇನ್ನೊಂದು ಕಾರ್ಡ್ ಗ್ಲವ್ ಬಾಕ್ಸಿನಲ್ಲಿತ್ತು. ವರ್ಷದ ಸರ್ವಿಸ್ ಬಿಲ್ಲಿನಲ್ಲಿ ಅದಕ್ಕೆ 1,180 ರೂಪಾಯಿ ಸೇರಿಸಿದ್ದರು. ಕೊಡುವ ಸಹಾಯ ಎರಡರಲ್ಲೂ ಒಂದೇ: ಬ್ಯಾಟರಿ ಸತ್ತರೆ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಡುವುದು, ಪಂಕ್ಚರ್, ಖಾಲಿ ಟ್ಯಾಂಕಿಗೆ ಸ್ವಲ್ಪ ಎಣ್ಣೆ, ಆಗದಿದ್ದರೆ ಎಳೆದುಕೊಂಡು ಹೋಗುವುದು. ಒಂದೇ ಸಹಾಯಕ್ಕೆ ಎರಡು ಕಡೆ ಸೇರಿ 1,533 ರೂಪಾಯಿ ಕೊಟ್ಟಿದ್ದೇನೆ ಎಂದು ನನಗೆ ತಿಳಿದದ್ದು ಆ ರಾತ್ರಿ, ಮೊಬೈಲ್ ಬೆಳಕಿನಲ್ಲಿ ಕಾರ್ಡ್ ಓದುವಾಗ. ಆ ಕಾರ್ಡಿನ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲೇ ಇಲ್ಲ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಒಂದು ರಿಕ್ಷಾ ಗೇಟಿನ ಹೊರಗೆ ನಿಂತಿತು. "ದಾನೆ ಅಕ್ಕ, ಸ್ಟಾರ್ಟ್ ಆಪುಜಾ?" ಎಂದು ಡ್ರೈವರ್ ಕೇಳಿದರು. ನಾನು ಹೇಳಿ ಮುಗಿಸುವ ಮೊದಲೇ ಅವರು ಯಾರಿಗೋ ಫೋನ್ ಮಾಡಿದ್ದರು. ಪಾಣೆಮಂಗಳೂರಿನಿಂದ ಒಬ್ಬ ಮೆಕ್ಯಾನಿಕ್ ರೈನ್‌ಕೋಟ್ ಹಾಕಿಕೊಂಡು ಸ್ಕೂಟರಿನಲ್ಲಿ ಬಂದರು. ಮೀಟರ್ ಇಟ್ಟು ನೋಡಿದರು, 11.4 ವೋಲ್ಟ್. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ತೋರಿಸಬೇಕು. ರಿಕ್ಷಾದ ಬ್ಯಾಟರಿ ಸಾಕಾಗುವುದಿಲ್ಲ ಎಂದು ದಾರಿಯಲ್ಲಿ ಹೋಗುತ್ತಿದ್ದ ಪರಿಚಯದ ಒಂದು ಪಿಕಪ್ ನಿಲ್ಲಿಸಿ ಕೇಬಲ್ ಕೊಟ್ಟರು. ಗಾಡಿ ಎದ್ದಿತು. "ಮನೆ ಮುಟ್ಟುವವರೆಗೆ ಆಫ್ ಮಾಡ್ಬೇಡಿ" ಅಂದರು. ಮೆಕ್ಯಾನಿಕ್ ತೆಗೆದುಕೊಂಡದ್ದು ಇನ್ನೂರು ರೂಪಾಯಿ. ರಿಕ್ಷಾದವರು ಏನೂ ತೆಗೆದುಕೊಳ್ಳಲಿಲ್ಲ. ಮುಕ್ಕಾಲು ಗಂಟೆ ನಮ್ಮ ಜೊತೆ ನಿಂತಿದ್ದರು, ಅಷ್ಟರಲ್ಲಿ ಎರಡು ಬಾಡಿಗೆ ಬಿಟ್ಟಿದ್ದರು.

ವೇಣೂರಿನ ನಮ್ಮ ಮನೆಗೆ ಅಲ್ಲಿಂದ ನಲವತ್ತು ಕಿಲೋಮೀಟರಿನ ಮೇಲೆ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ವೈಪರ್, ದೀಪ ಎರಡೂ ಬೇಕು, ಬ್ಯಾಟರಿ ಇಲ್ಲ. ಆ ದಾರಿಯಿಡೀ ನನ್ನ ಜೀವ ಇಂಜಿನ್ನಿನ ಶಬ್ದದ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಮೊಬೈಲಿಗೆ ಇನ್ಶೂರೆನ್ಸ್ ಕಂಪನಿಯ ಸಂದೇಶ ಬಂದಿತ್ತು: ನಿಮ್ಮ ಸೇವಾ ಕೋರಿಕೆ ಪೂರ್ಣಗೊಂಡಿದೆ. ನಾವು ಹೊರಡುವವರೆಗೆ ಯಾರೂ ಬಂದಿರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಎಂಬ ನನ್ನ ಲೆಕ್ಕದಲ್ಲಿ ಒಂದು ಸಲ ಮುಗಿಯಿತು ಎಂದೂ ಅದರಲ್ಲಿತ್ತು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ತಡವಾದದ್ದನ್ನು ಕ್ಷಮಿಸಬಹುದು, ಮಳೆಗಾಲ. ಆಗದ ಕೆಲಸವನ್ನು ಆಯಿತು ಎಂದು ಬರೆದದ್ದನ್ನು ಕ್ಷಮಿಸಲು ನನಗೆ ಆಗಲಿಲ್ಲ. ಆದರೆ ಆಮೇಲೆ ನನ್ನ ಕೈ ಹಿಡಿದದ್ದೂ ಅದೇ ಸಂದೇಶ.

ಕೈಕೊಟ್ಟ ಆ ಬ್ಯಾಟರಿಯನ್ನು ಕೊಂಡದ್ದು ಮೂಡುಬಿದಿರೆಯಲ್ಲಿ, 5,450 ರೂಪಾಯಿಗೆ. ವಾರಂಟಿ 48 ತಿಂಗಳು ಎಂದು ದೊಡ್ಡದಾಗಿ ಬರೆದಿತ್ತು. ಅದರ ಒಳಗಿನ ಲೆಕ್ಕ ಬೇರೆ, 24+24. ಮೊದಲ 24 ತಿಂಗಳಲ್ಲಿ ಕೆಟ್ಟರೆ ಹೊಸದು ಉಚಿತ. ಆಮೇಲಿನ 24 ತಿಂಗಳಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ರಿಯಾಯಿತಿ ಮಾತ್ರ, ಅದೂ ತಿಂಗಳು ಕಳೆದಂತೆ ಇಳಿಯುತ್ತ ಹೋಗುತ್ತದೆ. ನನ್ನ ಬ್ಯಾಟರಿಗೆ ಆಗಸ್ಟ್ 18ಕ್ಕೆ 24 ತಿಂಗಳು ತುಂಬುವುದಿತ್ತು. ನಾನು ಅಂಗಡಿಗೆ ಹೋದದ್ದು ಜುಲೈ 28ಕ್ಕೆ.

"ನೀವು ಗಾಡಿ ದೂರ ಓಡಿಸುವುದಿಲ್ಲ, ಅದಕ್ಕೇ ಚಾರ್ಜ್ ಇಳಿದದ್ದು" ಅಂದರು ಅಂಗಡಿಯವರು. ಅದರಲ್ಲಿ ಅರ್ಧ ಸತ್ಯ ಇತ್ತು. ದಿನಾ ಎರಡು ಕಿಲೋಮೀಟರ್ ಪೇಟೆಗೆ ಹೋಗಿ ಬರುವ ಗಾಡಿಯಲ್ಲಿ ಸ್ಟಾರ್ಟ್ ಮಾಡುವಾಗ ಖರ್ಚಾದದ್ದು ಮತ್ತೆ ತುಂಬುವುದೇ ಇಲ್ಲ. ಹಾಗಾದರೆ ಚಾರ್ಜ್ ಮಾಡಿ, ಲೋಡ್ ಹಾಕಿ ಪರೀಕ್ಷೆ ಮಾಡಿ ಎಂದೆ. ಬ್ಯಾಟರಿ ಇಟ್ಟು ಹೋಗಿ, ಕಂಪನಿಯವರು ಬರಲು ನಾಲ್ಕು ವಾರ ಆಗಬಹುದು ಎಂದರು. ನಾಲ್ಕು ವಾರ ಎಂದರೆ ಆಗಸ್ಟ್ 25. ಅಷ್ಟರಲ್ಲಿ ಉಚಿತದ ಅವಧಿ ಮುಗಿದಿರುತ್ತದೆ. ಇವತ್ತಿನ ತಾರೀಕು ಹಾಕಿ ದೂರು ಬಂದಿದೆ ಎಂದು ಬರೆದುಕೊಡಿ ಎಂದಾಗ ಬಿಲ್ ತೋರಿಸಿ ಎಂದರು.

ಬಿಲ್ ಇತ್ತು. ಕಪಾಟಿನ ಫೈಲಿನಲ್ಲೇ ಜೋಪಾನವಾಗಿ ಇಟ್ಟಿದ್ದೆ. ಆದರೆ ಅದು ಥರ್ಮಲ್ ಕಾಗದ. ನಮ್ಮ ಕರಾವಳಿಯ ಎರಡು ಮಳೆಗಾಲ ಕಳೆದ ಮೇಲೆ ಅದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಬಿಳಿ ಹಾಳೆ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲ್ ಬಿದ್ದಿರಲಿಲ್ಲ, ಅದನ್ನು ಅವತ್ತು ನಾನು ಕೇಳಿರಲಿಲ್ಲ. ಉಳಿದದ್ದು ಎರಡೇ: ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಯುಪಿಐ ಪಾವತಿಯ ಸಾಲು, ಬ್ಯಾಟರಿಯ ಮೈಮೇಲಿನ ಸೀರಿಯಲ್ ನಂಬರ್. ಈಗ ನಾನು ಯಾವ ಬಿಲ್ಲನ್ನಾದರೂ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಫೋಟೊ ತೆಗೆಯುತ್ತೇನೆ. ನೀವೂ ಇವತ್ತೇ ಕಪಾಟು ತೆರೆದು ಫ್ರಿಜ್, ಮಿಕ್ಸಿ, ಇನ್‌ವರ್ಟರುಗಳ ಬಿಲ್ ನೋಡಿ. ಓದಲು ಬರುವಷ್ಟು ಮಸಿ ಇದ್ದರೆ ಫೋಟೊ ತೆಗೆಯಿರಿ.

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಕುಳಿತು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು. ಅವರಿಗೆ ಯಾರನ್ನೂ ದಂಡಿಸುವ ಅಧಿಕಾರ ಇಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೆ ಅವರು ಕೊಟ್ಟ ದೂರಿನ ನಂಬರಿನಲ್ಲಿ ಜುಲೈ 28 ಎಂಬ ತಾರೀಕು ಕೂತಿತ್ತು. ನನಗೆ ಬೇಕಾದದ್ದು ಅದು. ಬ್ಯಾಟರಿ ಕಂಪನಿ, ಸರ್ವಿಸ್ ಸೆಂಟರ್, ಇನ್ಶೂರೆನ್ಸ್ ಕಂಪನಿ, ಮೂವರಿಗೂ ಅದೇ ಸಂಜೆ ಒಂದೊಂದು ಇಮೇಲ್ ಬರೆದೆ. ದಯವಿಟ್ಟು ಎಂಬ ಪದ ಒಂದರಲ್ಲೂ ಹಾಕಲಿಲ್ಲ. ಇಂಥ ದಿನ ಇಷ್ಟು ಹಣ ಕೊಟ್ಟಿದ್ದೇನೆ, ಇಂಥದ್ದನ್ನು ಕೊಡುತ್ತೇವೆ ಎಂದಿದ್ದೀರಿ, ಇಂಥ ಹೊತ್ತಿಗೆ ಕೊಟ್ಟಿಲ್ಲ ಎಂದು ಮಾತ್ರ ಬರೆದೆ.

ಬ್ಯಾಟರಿ ಹನ್ನೊಂದನೇ ದಿನಕ್ಕೆ ಬದಲಾಯಿತು. ಸರ್ವಿಸ್ ಸೆಂಟರಿನವರು 1,180 ವಾಪಸು ಹಾಕಲು ಎರಡು ತಿಂಗಳು ತೆಗೆದುಕೊಂಡರು, ನಾಲ್ಕು ನೆನಪೋಲೆ ಬೇಕಾಯಿತು. ಇನ್ಶೂರೆನ್ಸಿನವರು ಮೊದಲು ಕ್ಷಮೆಯ ಒಂದು ಸಾಲು ಕಳಿಸಿ ಕೈತೊಳೆದುಕೊಂಡರು. 'ಪೂರ್ಣಗೊಂಡಿದೆ' ಎಂಬ ಅವರದೇ ಸಂದೇಶವನ್ನು, ಅವರು ಹೇಳಿದ ಮೂರು ಗಂಟೆಯೊಳಗೇ ಮೆಕ್ಯಾನಿಕ್‌ಗೆ ನಾನು ಕಳಿಸಿದ ಇನ್ನೂರು ರೂಪಾಯಿಯ ಯುಪಿಐ ಸಾಲಿನ ಜೊತೆ ಸೇರಿಸಿ, ತಿಂಗಳೊಳಗೆ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯುತ್ತೇನೆ ಎಂದ ಮೇಲೆ 353 ರೂಪಾಯಿ ಬಂತು. ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ, ವಕೀಲರೂ ಬೇಡ.

ಇಷ್ಟಕ್ಕೂ ಬಗ್ಗದಿದ್ದರೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೆ. 1986ರ ಹಳೆಯ ಕಾಯಿದೆಯಲ್ಲಿ ಎದುರು ಪಕ್ಷದವರು ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಹಾಕಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ನಾವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು ಎಂದಿದೆ. ಕಂಪನಿ ಮುಂಬಯಿಯದ್ದೇ ಇರಲಿ, ವೇಣೂರಿನವಳು ಮಂಗಳೂರಿಗೆ ಹೋದರೆ ಸಾಕು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಹಾಕಬೇಕು. ಆನ್‌ಲೈನಿನಲ್ಲೂ ಹಾಕಬಹುದು. ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯಿದೆ ಹೇಳುತ್ತದೆ. ನಿಜದಲ್ಲಿ ಹೆಚ್ಚು ಸಮಯ ಹಿಡಿಯುವುದುಂಟು. ಬೆಳ್ತಂಗಡಿ ತಾಲೂಕಿನ ಒಳಹಳ್ಳಿಯ ಕೂಲಿಯವರಿಗೆ ಒಂದು ದಿನ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಸಂಬಳ, ಮೇಲೆ ಬಸ್ಸಿನ ಖರ್ಚು. ಕಂಪನಿಗಳಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿದೆ. ಅದಕ್ಕಾಗಿಯೇ 1915, ಇಮೇಲ್, ತಾರೀಕು ಇವುಗಳ ಮೇಲೆ ನಾನು ಇಷ್ಟು ಹೇಳುತ್ತಿರುವುದು. ಬಹಳಷ್ಟು ಸಲ ಜಗಳ ಅಲ್ಲೇ ಮುಗಿಯುತ್ತದೆ.

ಅದೇ ಕಾಯಿದೆಯಲ್ಲಿ 'ಸೇವೆ' ಎಂಬುದಕ್ಕೆ ಒಂದು ವ್ಯಾಖ್ಯೆ ಇದೆ. ಉಚಿತವಾಗಿ ಮಾಡಿದ್ದು ಅದರಲ್ಲಿ ಸೇರುವುದಿಲ್ಲ. ಅದನ್ನು ಓದುವಾಗ ನನಗೆ ಆ ರಿಕ್ಷಾದವರ ನೆನಪಾಯಿತು. ಅವರು ಮಾಡಿದ್ದು ಉಪಕಾರ. ಅದಕ್ಕೆ ಕಾಯಿದೆ ಇಲ್ಲ, ಕೇಳುವ ಹಕ್ಕೂ ನನಗಿಲ್ಲ, ನೆನಪಿಟ್ಟುಕೊಳ್ಳುವುದಷ್ಟೇ ನನ್ನ ಕೆಲಸ. ಕಂಪನಿಯಿಂದ ನಾನು ಕೊಂಡದ್ದು ಸೇವೆ. ಮಳೆಯಲ್ಲಿ ನಿಂತ ಆ ಒಂದು ಗಂಟೆಯಲ್ಲಿ ಇವೆರಡನ್ನು ನಾನು ಅದಲುಬದಲು ಮಾಡಿಕೊಂಡಿದ್ದೆ.

ಈ ವರ್ಷ ಪಾಲಿಸಿ ನವೀಕರಣಕ್ಕೆ ಏಜೆಂಟ್ ಬಂದರು. ಹೋದ ವರ್ಷದ ಹಾಗೇ 353 ರೂಪಾಯಿಯ ಸಾಲಿಗೆ ಟಿಕ್ ಹಾಕಿದ್ದರು. ಷರತ್ತಿನ ಹಾಳೆ ಕೇಳಿದೆ, ಓದಿದೆ. ಎಳೆದೊಯ್ಯುವುದು 25 ಕಿಲೋಮೀಟರಿನವರೆಗೆ ಉಚಿತ, ಅದೂ ಹತ್ತಿರದ ಗ್ಯಾರೇಜಿಗೆ, ಮನೆಗಲ್ಲ. ಆಮೇಲೆ ಅವರಿಗೆ ಹೇಳಿದೆ: "ರಾತ್ರಿ ಎಂಟು ಗಂಟೆಗೆ ನಮ್ಮ ತಾಲೂಕಿಗೆ ನಿಮ್ಮ ಕಂಪನಿಯ ಪರವಾಗಿ ಬರುವವರು ಯಾರು? ಅವರ ನಂಬರ್ ಕೊಡಿ, ಆಮೇಲೆ ಟಿಕ್ ಹಾಕುವ." ಹೀಗೆ ಯಾರೂ ಕೇಳುವುದಿಲ್ಲ ಮಾರಾಯ್ರೆ ಅಂದರು. ಎರಡು ದಿನ ಬಿಟ್ಟು ಮೂಡುಬಿದಿರೆಯ ಒಂದು ಟೋಯಿಂಗ್ ಗಾಡಿಯವರ ನಂಬರ್ ಕಳಿಸಿದರು. ಅದೇ ದಿನ ರಾತ್ರಿ ಎಂಟಕ್ಕೆ ಫೋನ್ ಮಾಡಿ ನೋಡಿದೆ. ಎರಡನೇ ರಿಂಗಿಗೇ ಎತ್ತಿದರು. ವೇಣೂರಾ, ಬರುವ ಅಕ್ಕ, ಎಲ್ಲಿ ನಿಂತಿದೆ ಗಾಡಿ ಎಂದು ಕೇಳಿದರು. ಗಾಡಿ ಮನೆಯಲ್ಲೇ ಇದೆ, ಸುಮ್ಮನೆ ಕೇಳಿದ್ದು ಎಂದು ಹೇಳಿ, ಮರುದಿನ ಬೆಳಿಗ್ಗೆ ಹಣ ಕಟ್ಟಿದೆ.