ಪೋಷಕರಿಲ್ಲದ ಕಡಲಯಾನ ಮತ್ತು ವಯಸ್ಸಿನ ನಿಯಮ

ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆಯವರಾದ ನಮಗೂ ಕಡಲಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಇಲ್ಲದೆ ಇಲ್ಲ. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ರೈಲಿನಲ್ಲಿ ಮೊರ್ಮುಗೋವಾ ಬಂದರಿಗೆ ಸಾಗಿ ಹಡಗನ್ನೇರಿದ ಕಾಲವಿತ್ತು. ಅದೇ ದಿಕ್ಕಿಗೆ ಅಮರಾವತಿ ಎಕ್ಸ್‌ಪ್ರೆಸ್ ಗಾಡಿ ನಮ್ಮ ಊರಿನ ಮೇಲೆ ಹಾದು ವಾಸ್ಕೋ ತಲುಪುತ್ತದೆ. ಕ್ರೂಸ್ ಎಂದು ಕರೆಯುವ ವಿಹಾರದ ಹಡಗುಗಳು ಮೊರ್ಮುಗೋವಾಕ್ಕೂ ನವಮಂಗಳೂರಿಗೂ ಬಂದು ಹೋಗುವುದುಂಟು. ಆದುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ನಾಲ್ವರು ಸೇರಿ, "ತಂದೆತಾಯಿಗಳಿಲ್ಲದೆ ನಾವೇ ಹೋಗಿಬರಬಾರದೇಕೆ?" ಎಂದು ಯೋಚಿಸಿದರೆ ಅದು ಅಸಹಜವೇನೂ ಅಲ್ಲ. ಹಣದ ಮಾತು ಹಾಗಿರಲಿ; ಮೊದಲು ಎದುರಾಗುವುದು ವಯಸ್ಸಿನ ಪ್ರಶ್ನೆ.

ನಮ್ಮ ತುಂಗಭದ್ರೆಯನ್ನು ದಾಟುವ ಜನಕ್ಕೆ ಈ ಪ್ರಶ್ನೆ ಹೊಸದಾಗಿ ತೋರೀತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಾದ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡನು. ಹದಿನೈದಿಪ್ಪತ್ತು ಜನರನ್ನು ಹೊತ್ತು ಅವು ಸುತ್ತುತ್ತ ಸುತ್ತುತ್ತ ಸಾಗುತ್ತಿದ್ದುವೆಂದು ಆತ ಬರೆದಿದ್ದಾನೆ. ನಮ್ಮ ಹರಿಗೋಲೇ ಅದು. ಹರಿಗೋಲಿನ ಪ್ರಯಾಣ ಕೆಲವು ನಿಮಿಷಗಳದು. ದಡ ಮುಟ್ಟಿದೊಡನೆ ಅಂಬಿಗನ ಹೊಣೆ ತೀರಿತು. ವಿಹಾರದ ಹಡಗಾದರೋ ಹಲವು ರಾತ್ರಿಗಳ ಮನೆ. ಊಟ, ಹಾಸಿಗೆ, ಈಜುಕೊಳ, ಮದ್ಯದಂಗಡಿ ಎಲ್ಲವೂ ಅದರೊಳಗೇ ಇವೆ. ನಡುಗಡಲಿನಲ್ಲಿ ಹುಡುಗನೊಬ್ಬನಿಗೆ ಕಾಯಿಲೆಯಾದರೆ ಚಿಕಿತ್ಸೆಗೆ ಯಾರು ಒಪ್ಪಿಗೆ ಕೊಡಬೇಕು? ಆತ ಏನನ್ನಾದರೂ ಮುರಿದರೆ ಯಾರು ತೆರಬೇಕು? ಅನೇಕ ವಿಮಾನ ಸಂಸ್ಥೆಗಳು ಐದರಿಂದ ಹನ್ನೆರಡು ವರ್ಷದ ಒಂಟಿ ಮಕ್ಕಳನ್ನು ಕೈಯಿಂದ ಕೈಗೆ ಒಪ್ಪಿಸಿ ಸಾಗಿಸುತ್ತವೆ. ಗಂಟೆಗಳ ಪ್ರಯಾಣಕ್ಕೆ ಅಷ್ಟು ಸಾಕು. ರಾತ್ರಿಗಳ ಪ್ರಯಾಣಕ್ಕೆ ಸಾಲದು.

ಇಲ್ಲಿ ಕಾನೂನಿನ ಮಾತು ಬರುತ್ತದೆ. ಹಡಗಿನ ಟಿಕೇಟು ಒಂದು ಕರಾರು. 1872ರ ಭಾರತೀಯ ಕರಾರು ಕಾಯಿದೆಯ 11ನೆಯ ಕಲಮಿನಂತೆ ಅಪ್ರಾಪ್ತವಯಸ್ಕನು ಕರಾರು ಮಾಡಲಾರ. ಹಾಗಾದರೆ ಪ್ರಾಪ್ತವಯಸ್ಸು ಯಾವುದು? ಹಿಂದಿನ ಧರ್ಮಶಾಸ್ತ್ರ ಹದಿನಾರನ್ನು ಹೇಳಿತ್ತು. ಹದಿನಾರರ ಆರಂಭವೋ ಅಂತ್ಯವೋ ಎಂಬ ವಾದ ಪಂಡಿತರಲ್ಲಿ ಬಹುಕಾಲ ನಡೆಯಿತು. 1875ರ ಕಾಯಿದೆ ಹದಿನೆಂಟನ್ನು ಗೊತ್ತುಮಾಡಿತು. ಆದರೆ ನ್ಯಾಯಾಲಯವು ಪಾಲಕರನ್ನು ನೇಮಿಸಿದ್ದರೆ ಆ ಹುಡುಗನಿಗೆ ಇಪ್ಪತ್ತೊಂದಾಗಬೇಕಿತ್ತು. ಈ ಭೇದವನ್ನು 1999ರಲ್ಲಿ ತೆಗೆದುಹಾಕಲಾಯಿತು.

ಈ ಭೇದದ ಫಲವನ್ನು ಕಲ್ಕತ್ತೆಯ ಧರ್ಮದಾಸ ಘೋಷನ ಮೊಕದ್ದಮೆಯಲ್ಲಿ ನೋಡಬೇಕು. 1895ರ ಜುಲೈ 20ರಂದು ಆತ ಬ್ರಹ್ಮೋ ದತ್ತನೆಂಬ ಲೇವಾದೇವಿಗಾರನಿಗೆ 20,000 ರೂಪಾಯಿಗಳ ಅಡಮಾನಪತ್ರ ಬರೆದುಕೊಟ್ಟನು. ತಾಯಿಯನ್ನು ನ್ಯಾಯಾಲಯ ಪಾಲಕಳನ್ನಾಗಿ ನೇಮಿಸಿತ್ತು. ಆತನಿಗೆ ಇಪ್ಪತ್ತೊಂದು ತುಂಬಲು ಸೆಪ್ಟೆಂಬರ್ ಬರಬೇಕಾಗಿತ್ತು. ಮೀಸೆ ಬಂದ ಇಪ್ಪತ್ತರ ತರುಣನಾದರೂ ಕಾನೂನಿನ ಕಣ್ಣಿಗೆ ಬಾಲಕ! 1903ರಲ್ಲಿ ಪ್ರಿವಿ ಕೌನ್ಸಿಲ್ ಆ ಪತ್ರ ಮೊದಲಿನಿಂದಲೂ ಶೂನ್ಯವೆಂದು ತೀರ್ಪಿತ್ತಿತು. ಅಂದರೆ ಅಪ್ರಾಪ್ತವಯಸ್ಕನೊಡನೆ ವ್ಯವಹರಿಸಿದವನೇ ನಷ್ಟ ಹೊರಬೇಕು. ಹಡಗಿನ ಕಂಪನಿಗಳು ಹದಿನೇಳರ ಹುಡುಗನ ಬೆನ್ನ ಹಿಂದೆ ಹಿರಿಯರೊಬ್ಬರನ್ನು ಹುಡುಕುವುದು ಹುಡುಗನ ಮೇಲಿನ ಮಮತೆಯಿಂದ ಮಾತ್ರವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಹದಿನೆಂಟು ತುಂಬಿದವರ ಸಂಗತಿ. ಇದೇ ಹೆಚ್ಚು ವಿಚಿತ್ರ. 1988ರ ಸಂವಿಧಾನ ತಿದ್ದುಪಡಿಯಿಂದ ಅವರಿಗೆ ಮತದಾನದ ಹಕ್ಕು ಬಂದಿದೆ, ಕರಾರು ಮಾಡಬಲ್ಲರು. ಆದರೂ ರಾಯಲ್ ಕೆರಿಬಿಯನ್ ಕಂಪನಿಯ ನಿಯಮದಂತೆ ಉತ್ತರ ಅಮೆರಿಕದಿಂದ ಹೊರಡುವ ಯಾನದಲ್ಲಿ, ಕೋಣೆಯಲ್ಲಿ ಇಪ್ಪತ್ತೊಂದು ತುಂಬಿದವರೊಬ್ಬರಿಲ್ಲದೆ ಅದಕ್ಕಿಂತ ಕಿರಿಯರಿಗೆ ಸ್ಥಳವಿಲ್ಲ. ಏಷ್ಯಾ, ಯೂರೋಪು, ಆಸ್ಟ್ರೇಲಿಯಾಗಳಿಂದ ಹೊರಡುವಾಗ ಹದಿನೆಂಟು ಸಾಕು. ಸಿಂಗಪುರದಲ್ಲಿ ದೊಡ್ಡವನಾದ ತರುಣ ಮಯಾಮಿಯಲ್ಲಿ ಚಿಕ್ಕವನಾಗುತ್ತಾನೆ! ಕಾರ್ನಿವಲ್ ಕಂಪನಿಯದು ಇನ್ನೂ ಬಿಗಿ: ಇಪ್ಪತ್ತೊಂದರ ಒಳಗಿನವರ ಜೊತೆಗೆ ಇಪ್ಪತ್ತೈದು ತುಂಬಿದ ಬಂಧುವೋ ಪಾಲಕರೋ ಬೇಕು. ಇದಕ್ಕೆ ಮುಖ್ಯ ಕಾರಣ ಮದ್ಯವೆಂದೇ ನನಗೆ ತೋರುತ್ತದೆ. 1984ರ ಒಂದು ಕಾಯಿದೆಯ ಒತ್ತಾಯದಿಂದ ಅಮೆರಿಕದ ರಾಜ್ಯಗಳೆಲ್ಲ ಮದ್ಯಕೊಳ್ಳುವ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸಿದುವು. ಮದ್ಯಕ್ಕಾಗಿ ಮಾಡಿದ ಗೆರೆಯನ್ನು ಮದ್ಯ ಮುಟ್ಟದವನ ಮೇಲೂ ಎಳೆಯುವುದು ನ್ಯಾಯವೇ ಎಂದು ಕೇಳಬಹುದು. ಕಂಪನಿಗೆ ಮಾತ್ರ ಒಬ್ಬೊಬ್ಬರ ಶೀಲವನ್ನು ಪರೀಕ್ಷಿಸುವುದಕ್ಕಿಂತ ಜನ್ಮದಿನಾಂಕ ನೋಡುವುದು ಸುಲಭ.

ವಿನಾಯಿತಿಗಳೂ ಇವೆ. ತಂದೆತಾಯಿಗಳು ಒಳಬಾಗಿಲಿರುವ ಪಕ್ಕದ ಕೋಣೆಯಲ್ಲಿದ್ದರೆ ರಾಯಲ್ ಕೆರಿಬಿಯನ್ ಒಪ್ಪುತ್ತದೆ. ಇಪ್ಪತ್ತೊಂದರ ಒಳಗಿನ ದಂಪತಿಗಳು ವಿವಾಹಪತ್ರ ತೋರಿಸಿದರೂ ಒಪ್ಪುತ್ತದೆ. ಈ ಎರಡನೆಯದರಿಂದ ನಮ್ಮ ಹುಡುಗರಿಗೆ ಪ್ರಯೋಜನವಿಲ್ಲ. ನಮ್ಮ ದೇಶದಲ್ಲಿ ವರನಿಗೆ ಇಪ್ಪತ್ತೊಂದು ಆಗುವ ತನಕ ಅಂತಹ ಪತ್ರವೇ ಸಿಗದಷ್ಟೆ.

ಪರದೇಶದ ಬಂದರಿಗೆ ಹೋಗುವುದಾದರೆ ಪಾಸ್‌ಪೋರ್ಟು ಬೇಕು. ಹದಿನೆಂಟರ ಒಳಗಿನವರ ಅರ್ಜಿಗೆ ತಂದೆತಾಯಿಗಳ ಒಪ್ಪಿಗೆ ಸೇರಬೇಕು. ಗೆಳೆಯನ ಅಣ್ಣನ ಜೊತೆ ಹೋಗುವವರು ಆ ಅಣ್ಣನ ವಯಸ್ಸನ್ನೂ ಕಂಪನಿಯ ನಿಯಮಕ್ಕೆ ಹೋಲಿಸಿ ನೋಡುವುದು ಒಳ್ಳೆಯದು.

ವಯಸ್ಸನ್ನು ಎಣಿಸುವ ಕ್ರಮವೂ ತಿಳಿದಿರಬೇಕು. 1875ರ ಕಾಯಿದೆ ಹುಟ್ಟಿದ ದಿನವನ್ನು ಪೂರ್ಣ ದಿನವೆಂದೇ ಲೆಕ್ಕ ಹಿಡಿಯುತ್ತದೆ. 2008ರ ಸೆಪ್ಟೆಂಬರ್ 10ರ ರಾತ್ರಿ ಹತ್ತಕ್ಕೆ ಹುಟ್ಟಿದವನಾದರೂ 2026ರ ಸೆಪ್ಟೆಂಬರ್ 10 ಆರಂಭವಾದ ಕ್ಷಣದಲ್ಲೇ ಪ್ರಾಪ್ತವಯಸ್ಕನು. ರಾಯಲ್ ಕೆರಿಬಿಯನ್ ನೋಡುವುದು ಹಡಗು ಹೊರಡುವ ದಿನದ ವಯಸ್ಸನ್ನು. ಆದ್ದರಿಂದ ಈ ಹುಡುಗ ಸಿಂಗಪುರದಿಂದ 9ನೆಯ ತಾರೀಖು ಹೊರಡುವ ಹಡಗನ್ನು ಒಂಟಿಯಾಗಿ ಹತ್ತಲಾರ. ಮರುದಿನವೇ ನಡುಗಡಲಿನಲ್ಲಿ ಹದಿನೆಂಟು ತುಂಬುತ್ತದೆಂಬ ವಾದ ನಡೆಯದು. 10ರಂದು ಹೊರಡುವ ಹಡಗಿಗೆ ವಯಸ್ಸಿನ ತಡೆಯಿಲ್ಲ. ಆದರೆ ಆ ಟಿಕೇಟನ್ನು ಆಗಸ್ಟಿನಲ್ಲೇ ಕೊಳ್ಳುವುದಾದರೆ ತಂದೆಯೋ ತಾಯಿಯೋ ಕೊಳ್ಳಬೇಕು. ಆಗ ಆತನಿನ್ನೂ ಹದಿನೇಳರವನು.