ಜಲವಿಹಾರಕ್ಕೆ ದಾರಿ ಗೊತ್ತುಮಾಡುವ ಕ್ರಮ

ವಿಜಯವಾಡದ ಒನ್ ಟೌನಿನಲ್ಲಿ ವಾಸಿಸುವ ನಮಗೆ ಕಾಲುವೆಯ ನೀರು ದಿನವೂ ಕಣ್ಣಿಗೆ ಬೀಳುತ್ತದೆ. ರಜೆಯ ದಿನ ದೋಣಿಯಲ್ಲಿ ಹೋಗಿಬರಬೇಕೆಂಬ ಆಸೆ ಹುಟ್ಟುವುದು ಸಹಜ. ಅದಕ್ಕೆ ದಾರಿಯನ್ನು ಗೊತ್ತುಮಾಡುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಇಂಗ್ಲೆಂಡಿನಲ್ಲಿ ಏಳು ಅಡಿ ಅಗಲದ ದೋಣಿಯನ್ನು ಬಾಡಿಗೆಗೆ ಹಿಡಿದು, ಅದರಲ್ಲೇ ಅಡಿಗೆ ಮಾಡಿ ಮಲಗಿ, ಕಾಲುವೆಗಳಲ್ಲಿ ಸುತ್ತುವ ರೂಢಿಯುಂಟು. ಅಲ್ಲಿಯವರ ಲೆಕ್ಕ ಸರಳ. ದೋಣಿ ಗಂಟೆಗೆ ಸುಮಾರು 3 ಮೈಲಿ ಸಾಗುತ್ತದೆ. ನೀರಿನ ಮಟ್ಟ ಬದಲಾಗುವಲ್ಲಿ ದೋಣಿಯನ್ನು ಏರಿಸಿ ಇಳಿಸುವ ಲಾಕು ಒಂದಕ್ಕೆ ಸುಮಾರು ಕಾಲು ಗಂಟೆ ಹಿಡಿಯುತ್ತದೆ. 12 ಮೈಲಿ, 8 ಲಾಕು ಎಂದರೆ ಹೋಗಲು 6 ಗಂಟೆ, ಮರಳಲು ಮತ್ತೆ 6 ಗಂಟೆ. ಎರಡು ದಿನದ ರಜೆಗೆ ಅಷ್ಟೇ ಸಾಕು. ಮರಳುವ ಹೊತ್ತನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುವುದೇ ಇದರ ತಿರುಳು.

ನಮ್ಮ ಕಾಲುವೆಗಳೂ ಒಂದು ಕಾಲಕ್ಕೆ ದಾರಿಗಳಾಗಿದ್ದವು. 1855ರಲ್ಲಿ ಕೃಷ್ಣೆಯ ಆಣೆಕಟ್ಟು ಮುಗಿದ ಮೇಲೆ ಏಲೂರು ಕಾಲುವೆ ಗೋದಾವರಿಯ ಕಡೆಗೂ, ಆಚೆ ದಡದ ಕೊಮ್ಮಮೂರು ಕಾಲುವೆ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಕೂಡಿ ಮದರಾಸಿನ ಕಡೆಗೂ ಸರಕು ದೋಣಿಗಳಿಗೆ ದಾರಿಯಾದವು. ರೈಲು, ಲಾರಿಗಳು ಆ ಕೆಲಸವನ್ನು ಕಸಿದುಕೊಂಡವು. 2008ರಲ್ಲಿ ಈ ಸಾಲನ್ನು 4ನೆಯ ರಾಷ್ಟ್ರೀಯ ಜಲಮಾರ್ಗವೆಂದು ಸಾರಿದರೂ, ಒನ್ ಟೌನಿನಿಂದ ಕಾಲುವೆಯ ಮೇಲೆ ಏಲೂರಿಗೆ ಪಯಣ ಮಾಡುವ ಅನುಕೂಲ ನಮಗಿಲ್ಲ.

ಆದುದರಿಂದ ಒಂದೇ ದಿನ ರಜೆಯುಳ್ಳವರು ನದಿಯನ್ನೇ ಆರಿಸಿಕೊಳ್ಳುವುದು ಒಳಿತು. 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜಿನ ಮೇಲ್ಭಾಗದಲ್ಲಿ ನೀರು ಹರಡಿ ನಿಂತಿದೆ. ಅಲ್ಲಿರುವ ಭವಾನಿ ದ್ವೀಪದ ವಿಸ್ತಾರ ಸುಮಾರು 130 ಎಕರೆ. ಪ್ರವಾಸೋದ್ಯಮ ಇಲಾಖೆಯ ದೋಣಿಗಳು ಪುನ್ನಮಿ ಘಾಟ್ ಮತ್ತು ಬೆರ್ಮ್ ಪಾರ್ಕಿನಿಂದ ಹೊರಡುತ್ತವೆ. ಮರಳುವ ಕೊನೆಯ ದೋಣಿಯ ವೇಳೆಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿರಿ. ಉಳಿದುದೆಲ್ಲ ಅದರ ಮೇಲೆ ನಿಂತಿದೆ.

ಕಾಲವನ್ನೂ ನೋಡಬೇಕು. ಆಲಮಟ್ಟಿ, ನಾರಾಯಣಪುರಗಳಿಂದ ಬಿಟ್ಟ ನೀರು ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲಗಳನ್ನು ಹಾದು ಇಲ್ಲಿಗೆ ಬರುತ್ತದೆ. ಊರಿನಲ್ಲಿ ಹೊಳೆ ಬಂದಿದೆಯೆಂಬ ಸುದ್ದಿ ಕೇಳಿದರೆ, ಹೊರಡುವ ಮುನ್ನ ಘಾಟಿನಲ್ಲಿ ವಿಚಾರಿಸಿರಿ. ಪ್ರವಾಹವಿರುವಾಗ ದೋಣಿಗಳನ್ನು ನಿಲ್ಲಿಸುತ್ತಾರೆ.

ಕೊನೆಯದಾಗಿ ಒಂದು ಮಾತು. 2017ರ ನವೆಂಬರ್ 12ರ ಭಾನುವಾರ ಸಂಜೆ ಪವಿತ್ರ ಸಂಗಮದ ಬಳಿ ದೋಣಿಯೊಂದು ಮಗುಚಿ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆ ದೋಣಿಗೆ ಅನುಮತಿಯಿರಲಿಲ್ಲ. ಹತ್ತು ರೂಪಾಯಿ ಉಳಿಯುವುದೆಂದೋ, ಹೊತ್ತಾಯಿತೆಂದೋ ಕಿಕ್ಕಿರಿದ ದೋಣಿಯನ್ನು ಹತ್ತಬಾರದು. ತೇಲುಕವಚ ಕೊಡದಿದ್ದರೆ ಕೇಳಿ ತೊಡಬೇಕು; ಇಲ್ಲವೆಂದರೆ ದಡದಲ್ಲೇ ಉಳಿಯಬೇಕು. ನಮ್ಮಲ್ಲಿ ಅನೇಕರ ಮನೆಯವರು ದೂರದ ಊರುಗಳಲ್ಲಿ ನಮ್ಮ ದಾರಿ ಕಾಯುತ್ತಿರುತ್ತಾರೆ. ಸುಖವಾಗಿ ಮರಳಿ ತಲಪಿಸುವ ದಾರಿಯೇ ಒಳ್ಳೆಯ ದಾರಿ.